ಕಾಟಿಯ ಅಂಗಳದಲ್ಲಿ ತಟ್ಟೆ ಬಡಿದೆ

ಹುಲ್ಲುಗಾವಲಿನ ಅಂಚಿನಲ್ಲಿ ಕಾಡುಕೋಣ ಕಾಣಿಸಿದ್ದೇ ತಡ, ಎಪ್ಪತ್ತು ದಾಟಿದ ನಾನು ಡೇರೆಯ ಮುಂದಿನ ಕುರ್ಚಿಯಿಂದ ಎದ್ದು, ಉಪ್ಪಿಟ್ಟಿನ ಸ್ಟೀಲ್ ತಟ್ಟೆಯನ್ನು ಚಮಚದಿಂದ ಬಡಿಯುತ್ತಾ "ಹೋಯ್! ಹೋಯ್!" ಎಂದು ಬೊಬ್ಬೆ ಹಾಕಿದೆ. ನಾವು ಕಾಟಿ ಎನ್ನುವ ಈ ಪ್ರಾಣಿ ಮುಂಡಾಜೆಯ ನಮ್ಮ ಬಾಳೆತೋಟಕ್ಕೆ ನುಗ್ಗಿದಾಗ ಹೀಗೆಯೇ ಓಡಿಸಿ ಅಭ್ಯಾಸ. ಆದರೆ ಅಂದು ನಾವಿದ್ದದ್ದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಶಿಬಿರದಲ್ಲಿ. ಕಾಟಿ ಒಮ್ಮೆ ನನ್ನನ್ನು ದಿಟ್ಟಿಸಿ ನೋಡಿ ಕಾಡಿನೊಳಗೆ ಓಡಿತು.

ಮಸ್ಕತ್‌ನಿಂದ ರಜೆಯಲ್ಲಿ ಬಂದಿದ್ದ ನನ್ನ ಹೆಂಡತಿಯ ತಮ್ಮ, ಒಂದೇ ಒಂದು ಕಾಟಿಯನ್ನು ಕಣ್ಣಾರೆ ನೋಡಬೇಕೆಂದು ಬೆಳಗ್ಗಿನಿಂದ ಕೆಮ್ಮನ್ನೂ ನುಂಗಿಕೊಂಡು ಕೂತಿದ್ದ. ಮರುದಿನವೇ ಅವನಿಗೆ ವಿಮಾನ. ಅವನ ಮೊಬೈಲಿನಲ್ಲಿ ಸಿಕ್ಕಿದ್ದು ತಟ್ಟೆ ಎತ್ತಿ ಹಿಡಿದ ನನ್ನ ಚಿತ್ರ ಮಾತ್ರ.

"ಅಲ್ಲ ಭಾವ, ಅದು ಇಲ್ಲಿ ಯಾರ ಬಾಳೆ ತಿನ್ಲಿಕ್ಕೆ ಬಂದದ್ದು ಮಾರಾಯ್ರೆ?" ಎಂದ.

ಕಾಟಿ ನಮ್ಮ ತೋಟಕ್ಕೆ ಬಂದಾಗಲೆಲ್ಲ ಅರಣ್ಯ ಇಲಾಖೆಗೆ ದೂರು ಕೊಟ್ಟವನು ನಾನು. ಅದರ ಅಂಗಳದಲ್ಲಿ ಡೇರೆ ಹಾಕಿ ಅದನ್ನೇ ಓಡಿಸಿದವನ ಮೇಲೆ ದೂರು ಕೊಡಲು ಅದಕ್ಕೆ ಯಾವ ಕಚೇರಿಯೂ ಇಲ್ಲ. ಹಾಗಾಗಿ ಅದರ ಪರವಾಗಿ, ನನ್ನ ಮೇಲೆ, ನಾನೇ ಪತ್ರಿಕೆಗೆ ಬರೆಯುತ್ತಿದ್ದೇನೆ.