ಬೋಟು ಹೊರಗಿರುವಾಗ ಆಡದ ಮಾತು

ದಸರಾ ರಜೆ ಹತ್ತಿರ ಬಂತೆಂದು ಇವತ್ತು ಶಾಲೆಯ ಬೀರುವಿನಿಂದ ಹಗ್ಗ ಕಟ್ಟಿದ ಖಾಲಿ ಎಣ್ಣೆ ಕ್ಯಾನನ್ನು ಹೊರಗೆ ತೆಗೆದೆ. ಮಳೆಗಾಲವಿಡೀ ಒಳಗಿದ್ದ ಹಗ್ಗದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಅದು ಬಡಿದರೆ ಸಾಕು, ನನಗೆ ಅರ್ಧ ಸುಸ್ತು. ಪ್ರತಿ ವರ್ಷವೂ ಅದೇ ಪಾಠ. ಪಂಪ್‌ಸೆಟ್ಟಿನ ವೈರು ಮುಟ್ಟಬೇಡಿ, ಗದ್ದೆಗೆ ಹೊಡೆಯುವ ಔಷಧದ ಬಾಟಲಿಯಲ್ಲಿ ನೀರು ಕುಡಿಯಬೇಡಿ, ಯಾರಾದರೂ ನೀರಿಗೆ ಬಿದ್ದರೆ ನೀವೂ ಹಾರಬೇಡಿ, ಕ್ಯಾನು ಎಸೆಯಿರಿ, ಕೂಗಿ ದೊಡ್ಡವರನ್ನು ಕರೆಯಿರಿ.

ಹಾರವಾಡದಂಥ ಮೀನುಗಾರರ ಊರಿನ ಮಕ್ಕಳಿಗೆ ನೀರಿನ ಪಾಠ ಹೇಳುವವಳಿಗೆ ಈಜು ಬರುವುದಿಲ್ಲ, ನೋಡಿ. ಕಾರವಾರ ಪೇಟೆಯಲ್ಲಿ ಬೆಳೆದ ನಾನು ಸಮುದ್ರಕ್ಕೆ ಮೊಣಕಾಲಿನಾಚೆ ಇಳಿದವಳಲ್ಲ. ಒಮ್ಮೆ ಬೆಂಚು ಹತ್ತಿ ಎಸೆದ ಕ್ಯಾನು ನನ್ನ ಹಿಂದಿನ ಕರಿಹಲಗೆಗೇ ಹೋಗಿ ಬಡಿದದ್ದನ್ನು ಮಕ್ಕಳು ಇಂದಿಗೂ ಆಡಿಕೊಳ್ಳುತ್ತಾರೆ. ಕಡಲಲ್ಲೇ ಈಜುವ ಅವರಿಗೆ ಗಜನಿಯ ನೀರು ಲೆಕ್ಕಕ್ಕಿಲ್ಲ. ಗಜನಿ ಎಂದರೆ ಊರ ಹಿಂದಿನ ಉಪ್ಪುನೀರಿನ ಗದ್ದೆ. ಅದರ ಕಟ್ಟೆಗೊಂದು ಹಲಗೆ ಬಾಗಿಲು. ಇಳಿತದ ಹೊತ್ತಿಗೆ ಹಲಗೆ ಎತ್ತಿದರೆ ನೀರು ಹೊರಗೆ ನುಗ್ಗುತ್ತದೆ, ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಮೀನು ಸಿಗುವುದೂ ಅಲ್ಲೇ, ಮಕ್ಕಳು ಸೇರುವುದೂ ಅಲ್ಲೇ.

ಪಾಠ ಶುರುಮಾಡಿದ ವರ್ಷ, "ಮುಳುಗ್ತಾ ಇದ್ದಾರೆ, ಬನ್ನಿ ಅಂತ ಕೂಗಬೇಕು, ಎಲ್ಲರೂ ಹೇಳಿ" ಎಂದೆ. ಒಬ್ಬರೂ ಬಾಯಿ ಬಿಡಲಿಲ್ಲ. ಬಿಸಿಯೂಟ ಬೇಯಿಸುವ ದೇವಕ್ಕ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತರು. ಅವರ ಮಗ ಮೀನಿಗೆ ಹೋಗುವವನು.

"ಬೋಟು ಹೊರಗೆ ಅದೆ ಅಕ್ಕೋರೆ. ಆ ಮಾತು ಆಡ್ಸಬೇಡಿ."

"ಮತ್ತೆ ಎಂತ ಹೇಳಿಸ್ಲಿ ದೇವಕ್ಕ?"

"ಎಂತದೂ ಬ್ಯಾಡ. ನಮ್ಮ ಮನೆಗಳಲ್ಲಿ ಹೇಳೂದಿಲ್ಲ."

ಗಂಡಸರು ಕಡಲಲ್ಲಿರುವಾಗ ದಂಡೆಯಲ್ಲಿ ಆ ಶಬ್ದ ಎತ್ತಿದರೆ ಅದು ಅವರಿಗೇ ತಟ್ಟುತ್ತದಂತೆ. ದೇವಕ್ಕನ ಮುಖದ ಹೆದರಿಕೆ ನೋಡಿ ನಾನು ಎದುರಾಡಲಿಲ್ಲ. ಪಾಠ ಆ ಒಂದು ಮಾತನ್ನು ಬಿಟ್ಟು ನಡೆಯುತ್ತ ಬಂತು.

ಹೋದ ವರ್ಷ ಇದೇ ರಜೆಯಲ್ಲಿ ದೇವಕ್ಕನ ಮೊಮ್ಮಗ ನಿತೇಶ ಮೀನು ಹಿಡಿಯಲು ಹಲಗೆ ಬಾಗಿಲಿಗೆ ಇಳಿದ. ನೀರು ಎಳೆಯಿತು. ಅವನ ಅಕ್ಕ ಅಶ್ವಿನಿ ಕಲಿತ ಹಾಗೆಯೇ ನೀರಿಗೆ ಹಾರದೆ ದಂಡೆಗೆ ಓಡಿದಳು. ಅಪ್ಪನ ಬೋಟು ಹೊರಗಿತ್ತು. ಮೀನಿಗೆ ಉಪ್ಪು ಹಾಕುತ್ತಿದ್ದ ಅಜ್ಜಿಯ ಸೆರಗು ಜಗ್ಗಿ "ಗಜನಿಗೆ ಬಾ ಅಜ್ಜಿ, ಬಾ" ಎಂದಳಂತೆ. ಎಂತಕೆ ಎಂದು ಕೇಳಿದರೆ ಆ ಶಬ್ದವೊಂದನ್ನು ಆಡಲಿಲ್ಲ. "ತಡಿ, ಇದೊಂದು ಬುಟ್ಟಿ ಮುಗೀಲಿ" ಎಂದರು ದೇವಕ್ಕ. ಬುಟ್ಟಿ ಮುಗಿಸಿ ಹೋಗುವಷ್ಟರಲ್ಲಿ ನಿತೇಶನ ಉಸಿರು ನಿಂತಿತ್ತು. ಅಪ್ಪ ಸಂಜೆ ಸುಖವಾಗಿ ದಡ ಸೇರಿದ.

ಇವತ್ತು ಪಾಠ ಮಾಡುವ ಮನಸ್ಸೇ ಇರಲಿಲ್ಲ. ಅಶ್ವಿನಿ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಕೂಗಿ ಕರೆಯುವ ಭಾಗ ಬಂದಾಗ ಪಾಠ ನಿಲ್ಲಿಸಿ ಕ್ಯಾನನ್ನು ಕೆಳಗಿಟ್ಟೆ. ದೇವಕ್ಕ ಒಳಗೆ ಬಂದರು.

"ನಿಲ್ಸಿದ್ದು ಎಂತಕೆ ಅಕ್ಕೋರೆ? ಹೇಳ್ಸಿ."

"ಮಗ ಸಮುದ್ರಕ್ಕೆ ಹೋಗಿದ್ದಾನಲ್ಲ ದೇವಕ್ಕ."

"ಹೌದು. ಬೆಳಿಗ್ಗೆನೇ ಹೋದ."

ಅವರು ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟರು. "ಹೇಳು ಮಗಾ. ಮುಳುಗ್ತಾ ಇದ್ದ, ಬನ್ನಿ ಅಂತ ಹೇಳು."

ಅಶ್ವಿನಿಯ ತುಟಿ ಅಲ್ಲಾಡಿತು, ಸ್ವರ ಹೊರಡಲಿಲ್ಲ. ಎರಡನೆಯ ಸಲ ಪಕ್ಕದವರಿಗೆ ಕೇಳಿಸಿತು.

"ದಂಡೆ ತನಕ ಕೇಳ್ಬೇಕು" ಎಂದರು ದೇವಕ್ಕ. ಆಗ ಹುಡುಗಿ ಕೂಗಿದಳು. ಇಡೀ ತರಗತಿ ಕೂಗಿತು, ನಾನೂ ಕೂಗಿದೆ.

ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಲಾಗದೆ ದೇವಕ್ಕನ ಜೊತೆ ದಂಡೆಯಲ್ಲಿ ಕೂತಿದ್ದೇನೆ. ಇಂಥದ್ದನ್ನೆಲ್ಲ ನಂಬದ ನಾನೂ ಬೋಟು ಎಣಿಸುತ್ತಿದ್ದೇನೆ. ಬೋಟುಗಳು ಒಂದೊಂದೇ ಬರುತ್ತಿವೆ. ಅವರ ಮಗನದು ಇನ್ನೂ ಬಂದಿಲ್ಲ.