ಗಾಳಿ ಕಾಯುವ ದಾಕ್ಷಾಯಣಮ್ಮ

ಬೆಳಿಗ್ಗೆ ಆರೂಕಾಲು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದಾಕ್ಷಾಯಣಮ್ಮ ಬೀರುವಿನಂಥ ಕಬ್ಬಿಣದ ಪ್ಯಾನೆಲ್ಲಿನ ಮುಂದೆ ನಿಂತಿದ್ದಾರೆ. ಒಳಗೆ ಯಂತ್ರ ನಡೆಸುವ ಎಲೆಕ್ಟ್ರಾನಿಕ್ ಕಾರ್ಡುಗಳು. ಅವು ಬಿಸಿಯಾಗದಂತೆ ಗಾಳಿ ಹಾಕುವ ಫ್ಯಾನು. ಅದರ ಬಾಯಿಗೆ ರಟ್ಟು ಅಡ್ಡ ಹಿಡಿದು ಎಣಿಸತೊಡಗುತ್ತಾರೆ. ಇಪ್ಪತ್ತು ಮುಟ್ಟುವಷ್ಟರಲ್ಲಿ ಬೆಂಕಿಪೊಟ್ಟಣದಷ್ಟಗಲದ ಬೋರ್ಡಿನ ಮೇಲೆ ಕೆಂಪು ದೀಪ ಹತ್ತಿ ಬಜರ್ ಕೂಗುತ್ತದೆ. “ಹಾಂ, ಎಚ್ಚರ ಇದೆ,” ಎನ್ನುತ್ತ ಮುಂದಿನ ಪ್ಯಾನೆಲ್ಲಿಗೆ ಸರಿಯುತ್ತಾರೆ. ಇಂಥವು ಮೂವತ್ತೆಂಟು.

ಶಿವಮೊಗ್ಗದ ಹೊಸಮನೆಯ ಈ ನಲವತ್ತಾರರ ಹೆಂಗಸು ಓದಿದ್ದು ಎಸ್ಸೆಸ್ಸೆಲ್ಸಿ. ಸ್ಟೆಬಿಲೈಸರ್ ತಯಾರಿಸುವ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಬೆಸುಗೆ ಹಾಕಿದವರು. ಅದು ಬಾಗಿಲು ಹಾಕಿದಾಗ ಇಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು: ಪ್ರತಿ ಫ್ಯಾನಿಗೂ ಅಂಗೈ ಹಿಡಿದು ಗಾಳಿ ಬರುತ್ತಿದೆಯೇ ನೋಡುವುದು.

“ನಾನು ಈ ತುದಿಗೆ ಬರೋದ್ರೊಳಗೆ ಆ ತುದೀದು ನಿಂತಿರೋದು ಮಾರಾಯ್ರೆ. ಕಾರ್ಡು ಸುಟ್ರೆ ಬೈಗುಳ ನನಗೆ.”

ಹಳೆಯ ವರ್ಕ್‌ಶಾಪೇ ದಾರಿ ತೋರಿಸಿತು. “ಅಲ್ಲಿ ಫ್ಯಾನ್ ಹಾಕಿದ್ರೆ ಬೆಸುಗೆ ಕಡ್ಡಿ ಕಾಯ್ತಾನೇ ಇರ್ಲಿಲ್ಲ. ಅದನ್ನೇ ತಿರುಗಿಸಿ ಯೋಚ್ನೆ ಮಾಡ್ದೆ.” ತಾವೇ ಬೆಸುಗೆ ಹಾಕಿ ಮಾಡಿದ ಬೋರ್ಡಿನ ಮೇಲೆ ಸದಾ ಬೆಚ್ಚಗಿರುವ ಪುಟ್ಟ ರೆಸಿಸ್ಟರು, ಅದಕ್ಕೆ ಅಂಟಿಕೊಂಡಂತೆ ಶಾಖ ಅರಿಯುವ ಸೆನ್ಸರು. ಗಾಳಿ ಬೀಸುತ್ತಿರುವವರೆಗೆ ಸೆನ್ಸರು ತಣ್ಣಗಿರುತ್ತದೆ. ಗಾಳಿ ನಿಂತರೆ ಬಿಸಿಯೇರಿ ಬಜರ್ ಕೂಗುತ್ತದೆ.

1999ರಲ್ಲಿ ಇಂಜಿನಿಯರ್ ವೀರೇಂದ್ರ ಒಂದೇ ಒಂದು ಬೋರ್ಡಿಗೆ, ಒಂದು ವಾರದ ಮಟ್ಟಿಗೆ ಒಪ್ಪಿದರು. ನಾಲ್ಕನೆಯ ದಿನವೇ ಅದು ಕೂಗಿತು. ವೀರೇಂದ್ರ ಬಂದು ನೋಡಿದರೆ ಫ್ಯಾನು ಭರ್ರನೆ ತಿರುಗುತ್ತಿದೆ.

“ತಿರುಗ್ತಾ ಇದೆಯಲ್ರೀ! ನಿಮ್ಮ ಬೋರ್ಡೇ ಕೆಟ್ಟಿದೆ. ಕಿತ್ತುಹಾಕಿ.”

ದಾಕ್ಷಾಯಣಮ್ಮ ಫ್ಯಾನಿಗೆ ಅಂಗೈ ಒಡ್ಡಿದರು. “ಕೀಳ್ತೀನಿ ಸಾರ್. ಆದ್ರೆ ಕೈಗೆ ಗಾಳೀನೇ ಬರ್ತಿಲ್ಲ. ಮೊದ್ಲು ಹಿಂದಿನ ಜಾಲರಿ ಬಿಚ್ಚಿ ನೋಡಿ.”

ಬಿಚ್ಚಿದರೆ ಜಾಲರಿಯ ತುಂಬ ಕಂಬಳಿಯಂತೆ ಧೂಳು. ಫ್ಯಾನು ತಿರುಗುತ್ತಿತ್ತೇ ಹೊರತು ಒಳಗೆ ಉಸಿರೇ ಹೋಗುತ್ತಿರಲಿಲ್ಲ. ಕಾರ್ಡು ಮುಟ್ಟಲಾಗದಷ್ಟು ಸುಡುತ್ತಿತ್ತು. ವೀರೇಂದ್ರ ತಾವೇ ಧೂಳು ಕೊಡವಿದರು. ಮರುವಾರ ಹೇಳಿ ಕಳಿಸಿದರು: ಇನ್ನೂ ಮೂವತ್ತೇಳು ಬೋರ್ಡು ಬೇಕು.

ಅಲ್ಲಿಂದೀಚೆಗೆ ನಾಲ್ಕು ವರ್ಷ; ಬಿಸಿಗೆ ಒಂದು ಕಾರ್ಡೂ ಸುಟ್ಟಿಲ್ಲ. ಈಗ ಪಕ್ಕದ ಮನೆಯ ನಂಜಮ್ಮನೂ ಅವರ ಜತೆ ಕೂತು ಬೆಸುಗೆ ಕಲಿಯುತ್ತಿದ್ದಾರೆ. ಬೇರೆ ಮೂರು ಕಾರ್ಖಾನೆಗಳಿಗೂ ಬೋರ್ಡುಗಳು ಹೋಗುತ್ತವೆ.

ಏನಾದರೂ ಆಸೆಯಿದೆಯೇ ಎಂದರೆ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾರೆ.

“ಗೇಟ್ ಪಾಸಲ್ಲಿ ಇನ್ನೂ ಹೆಲ್ಪರ್ ಅಂತಿದೆ. ಟೆಕ್ನಿಷಿಯನ್ ಅಂತ ಬರೆದ್ರೆ ಚೆನ್ನಾಗಿರ್ತಿತ್ತು. ಬರೀದಿದ್ರೂ ಪರ್ವಾಗಿಲ್ಲ ಬಿಡಿ. ಬಜರ್ ಕೂಗಿದ್ರೆ ಇಂಜಿನಿಯರ್‌ಗಳು ಮೊದ್ಲು ಕರೆಯೋದು ನನ್ನೇ.”