ಬೂದ ಅಗೆದದ್ದು, ನಾನು ಮುಚ್ಚಿದ್ದು

ನಯಾಪೈಸೆ ಬಂದಿದ್ದರೂ ಜನರ ಬಾಯಲ್ಲಿ ಇನ್ನೂ ಆಣೆಯೇ ಓಡಾಡುತ್ತಿದ್ದ ಕಾಲ ಅದು. ತಾಳಗುಂದದ ಹತ್ತಿರದ ನಮ್ಮೂರಿನಲ್ಲಿ ಆಗ ಮನೆಗೊಂದು ಹಿತ್ತಲು, ಹಿತ್ತಲಿಗೊಬ್ಬಳು ಯಜಮಾನಿ. ನಮ್ಮ ಹಿತ್ತಲಿಗೆ ನನ್ನ ಅಜ್ಜಿ. ಅಡುಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟವಳು ಹಿತ್ತಲನ್ನು ಬಿಟ್ಟಿರಲಿಲ್ಲ. ಅಲ್ಲಿ ಅವಳ ಕುಂಬಳದ ಬಳ್ಳಿಯಿತ್ತು. ಪ್ರತಿ ವರ್ಷ ಮೊದಲ ಕಾಯಿ ತೊಗರ್ಸಿಯ ಮಲ್ಲಿಕಾರ್ಜುನನಿಗೆ, ಉಳಿದದ್ದು ನಮಗೆ. ಬೆಲ್ಲ ಹಾಕಿ ಬೇಯಿಸಿದ ಆ ಪಲ್ಯದ ವಾಸನೆ ಬಂದರೆ ಆಟ ಅರ್ಧಕ್ಕೆ ಬಿಟ್ಟು ಮನೆಗೆ ಓಡುತ್ತಿದ್ದೆ.

ಒಂದು ವರ್ಷ ಪಕ್ಕದ ಮನೆಯ ಪಾರವ್ವನ ಕುಂಬಳ ನಮ್ಮದಕ್ಕಿಂತ ದೊಡ್ಡದಾಯಿತು. ಅಜ್ಜಿ ಬೇಲಿಯ ಆಚೆ ನೋಡುವುದನ್ನೇ ಬಿಟ್ಟಳು. ನನಗಾಗ ಹತ್ತು ವರ್ಷ. ಏನಾದರೂ ಉಪಾಯ ಮಾಡಲೇಬೇಕು ಅನ್ನಿಸಿತು. ಉಪಾಯದ ಚಟ ನನಗೆ ಹುಟ್ಟಿನಿಂದಲೇ ಬಂದದ್ದು.

ಮುಂದಿನ ಬೇಸಿಗೆಯಲ್ಲಿ ಗೊಬ್ಬರ ಬೀಳಲೆಂದು ಅಪ್ಪ ನಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದ್ದರು. ಕುರಿಗಾರ ಹಾಲಪ್ಪನ ನಾಯಿ ಮರಿ ಹಾಕಿತ್ತು. ಅದರಲ್ಲೊಂದು ಬೂದಿಬಣ್ಣದ್ದು ನನ್ನ ಬೆರಳನ್ನು ಬಾಯಲ್ಲಿಟ್ಟುಕೊಂಡು ಬಿಡಲಿಲ್ಲ. ಅವ್ವನ ಜಾಡಿಯಿಂದ ಮಾವಿನಮಿಡಿ ಉಪ್ಪಿನಕಾಯಿ ಕದ್ದು ಕೊಟ್ಟು, ಚೌಕಾಸಿ ಮಾಡಿ, ಮರಿಯನ್ನು ಗಿಟ್ಟಿಸಿಕೊಂಡೆ. ಬೂದ ಎಂದು ಹೆಸರಿಟ್ಟೆ.

“ಬ್ಯಾಡಾದ್ರೆ ನನಗ ತಂದುಕೊಡು, ಬೀದಿಗೆ ಬಿಡಬ್ಯಾಡ,” ಎಂದ ಹಾಲಪ್ಪ. ಅಜ್ಜಿಯ ಕುಂಬಳದ ಕಥೆ ಕೇಳಿ ನಕ್ಕು, ಇನ್ನೊಂದು ಮಾತೂ ಹೇಳಿದ: “ಬುಡಕ್ಕ ಕುರಿ ಗೊರಸು ಹುಗೀರಿ ಸಣ್ಣ ಗೌಡ್ರೇ. ಆಮ್ಯಾಲೆ ಕಾಯಿ ಎತ್ತಾಕ ಇಬ್ರು ಬೇಕಾಗ್ತದ!”

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದವರ ಮನೆ. ಮೊಟ್ಟೆಯ ಚಿಪ್ಪು ಕೂಡ ಹೊಸಿಲು ದಾಟಿದ್ದಿಲ್ಲ. ಅಜ್ಜಿ ಬೀಜ ಊರುವ ದಿನವೂ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡೇ ಮಣ್ಣು ಮುಟ್ಟುತ್ತಿದ್ದಳು. ಆ ಹಿತ್ತಲಿಗೆ ನಾನು ಹಾಲಪ್ಪನಿಂದ ಏಳೆಂಟು ಗೊರಸು ತಂದೆ. ಮಧ್ಯಾಹ್ನ ಅಜ್ಜಿ ಅಡ್ಡಾಗಿದ್ದಾಗ ಕುಂಬಳದ ಗುಣಿಯೊಳಗೆ ಹುಗಿದು, ಮೇಲೆ ಸಗಣಿಗೊಬ್ಬರ ಹರಡಿದೆ. ಮರುದಿನ ಅಜ್ಜಿ ಅದೇ ಗುಣಿಗೆ ಬೀಜ ಊರಿ ಕೈಮುಗಿದಳು.

ರೋಹಿಣಿ ಮಳೆ ಬಿದ್ದು ಮಣ್ಣು ಮೆತ್ತಗಾಯಿತು. ಬಳ್ಳಿ ನಾಲ್ಕೆಲೆ ಬಿಟ್ಟಿತು. ಬೂದ ಅಗೆಯತೊಡಗಿತು.

ಬೇರೆಲ್ಲೂ ಅಲ್ಲ, ಆ ಗುಣಿಯೊಂದನ್ನೇ. ಮೂಗಿನ ತುಂಬ ಕೆಸರು ಮಾಡಿಕೊಂಡು, ಏನೋ ದೊಡ್ಡ ಕೆಲಸ ಮಾಡಿದವರ ಹಾಗೆ ಬಾಲ ಅಲ್ಲಾಡಿಸುತ್ತ ನನ್ನನ್ನೇ ನೋಡುತ್ತಿತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಹೊರಗೆ ಬಂದ ಗೊರಸನ್ನು ಒಳಗೆ ತುಳಿದು ಮಣ್ಣು ಮುಚ್ಚುವುದು ನನ್ನ ಕೆಲಸವಾಯಿತು. ಅಜ್ಜಿ ಬರುವ ಹೊತ್ತಿಗೆ ಕಾಣುತ್ತಿದ್ದದ್ದು ಕೆದರಿದ ಮಣ್ಣು, ಬಾಡಿದ ಬಳ್ಳಿ ಮತ್ತು ನಾಯಿ.

ಸುತ್ತ ಕಾರೆಮುಳ್ಳು ಇಟ್ಟರು. ಖಾರದ ಪುಡಿ ಚೆಲ್ಲಿದರು. ಬೂದ ಸೀನಿ ಸೀನಿ ಮತ್ತೆ ಅಗೆಯಿತು. ಕಟ್ಟಿದರೆ ಹಗ್ಗ ಕಡಿಯಿತು. ಬೇಲಿ ಹಾರುವ ದನಕ್ಕೆ ಕಟ್ಟುವಂತೆ ಕೊರಳಿಗೊಂದು ಮರದ ತುಂಡು ಕಟ್ಟೋಣ ಎಂದವನು ನಾನೇ. ನನ್ನ ಮೇಲೆ ಅನುಮಾನ ಬರಬಾರದಲ್ಲ! ಹೆಜ್ಜೆಹೆಜ್ಜೆಗೂ ಆ ತುಂಡು ಮುಂಗಾಲಿಗೆ ಬಡಿಯುತ್ತಿತ್ತು. ಬೂದ ಕುಂಟುತ್ತಲೇ ನನ್ನ ಹಿಂದೆ ಬರುತ್ತಿತ್ತು.

“ಬುಡದಾಗೆ ಏನಾರ ಐತೇನೋ ಬಸ್ಯಾ? ಹೆಗ್ಗಣ ಗಿಗ್ಗಣ?” ಎಂದು ಒಂದು ದಿನ ಅಜ್ಜಿ ಕೇಳಿದಳು.

“ಏನಿಲ್ಲಜ್ಜಿ. ನಾನೇ ಕೈಹಾಕಿ ನೋಡೀನಿ.”

“ನೀ ನೋಡಿದ್ರೆ ಆತು ಬಿಡು.” ಬಾಡಿದ ಎಲೆ ಸವರುತ್ತ ಅಂದಳು: “ಮಲ್ಲಯ್ಯನ ಬಳ್ಳಿ ಅದು. ಸಾಕೋರು ಯಾರಾರ ಇದ್ರೆ ಮರಿ ಕೊಟ್ಟುಬಿಡು ಮಗಾ. ಆ ತುಂಡು ಕಾಲಿಗೆ ಹೊಡಿಯೋದು ನೋಡಾಕಾಗಲ್ಲ ನನಗೆ.”

ಈಗಲೂ ಜನ ನನ್ನ ಹತ್ತಿರ ಬಂದು, ನಾಯಿ ಗಿಡ ಕೀಳುತ್ತದೆ, ಏನು ಮಾಡೋಣ ಎಂದು ಕೇಳುತ್ತಾರೆ. ನಾನು ಹೇಳುವುದು ಇಷ್ಟೇ: ಕೋಲು ಹುಡುಕಬೇಡಿ. ಅದು ಅಗೆದ ಕಡೆ ನೀವೂ ಒಂದು ಗೇಣು ಅಗೆದು ನೋಡಿ. ಒಳ್ಳೆಯ ಸಲಹೆ ಎನ್ನುತ್ತಾರೆ. ಎಲ್ಲಿ ಕಲಿತೆ ಎಂದು ಯಾರೂ ಕೇಳಿಲ್ಲ.

ಹಾಲಪ್ಪನ ಮಂದೆ ಯಾವತ್ತೋ ಮುಂದಿನ ಊರಿಗೆ ಹೋಗಿತ್ತು. ಸೊರಬದ ಕಡೆಯ ಗುತ್ಯಪ್ಪ ಶಿಕಾರಿಪುರದ ಸಂತೆ ಮುಗಿಸಿ ವಾಪಸಾಗುವಾಗ ನಮ್ಮ ಬಾವಿಯ ಹತ್ತಿರ ಗಾಡಿ ನಿಲ್ಲಿಸಿ ಎತ್ತಿಗೆ ನೀರು ಕುಡಿಸುತ್ತಿದ್ದ. ಅವನು ಬರುವ ಮೊದಲೇ ನಾನು ಕೊರಳ ತುಂಡು ಬಿಚ್ಚಿ, ಒದ್ದೆ ಬಟ್ಟೆಯಿಂದ ಬೂದನ ಒಂದೊಂದು ಉಗುರಿನ ಮಣ್ಣನ್ನೂ ಒರೆಸಿದ್ದೆ. ಅದು ಆಟವೆಂದುಕೊಂಡು ಪಾದ ಕೊಟ್ಟಿತು.

“ಎಂತ ಮಾರಾಯ, ಇಷ್ಟು ಚಂದದ ಮರಿ ಯಾಕೆ ಕೊಡ್ತೀಯ? ಅಗೀತದನ? ನಮ್ಮನೇಲಿ ಹೂವಿನ ಗಿಡ ಅವೆ. ಕಿತ್ತರೆ ನನ್ನ ಹೆಂಡ್ತಿ ನಾಯಿನೂ ಓಡಸ್ತಾಳೆ, ನನ್ನೂ ಓಡಸ್ತಾಳೆ.”

“ಅಗೆಯೋದಾ? ಉಗುರು ನೋಡು ಗುತ್ಯಪ್ಪಣ್ಣ. ಒಂದಿನಾನೂ ಅಗೆದಿಲ್ಲ.”

ಬಿಟ್ಟಿ ಕೊಟ್ಟರೆ ಅನುಮಾನ ಬಂದೀತೆಂದು, ಅವನು ಮಗನಿಗಾಗಿ ಕೊಂಡಿದ್ದ ಬಣ್ಣದ ಬುಗುರಿಯನ್ನು ಹಟ ಹಿಡಿದು ಇಸಿದುಕೊಂಡೆ. ನನ್ನ ಬದುಕಿನ ಮೊದಲ ಮಾರಾಟ ಅದು. ಗಾಡಿ ಹೊರಟಾಗ ಬೂದ ನಾನೂ ಹತ್ತುತ್ತೇನೆಂದುಕೊಂಡು ಹಿಂದಿನ ಹಲಗೆಯ ಮೇಲೆ ಜಾಗ ಬಿಟ್ಟು ಕೂತಿತ್ತು. ತಿರುವು ಬಂದ ಮೇಲೆಯೇ ಕೂಗತೊಡಗಿತು.

ಆ ವರ್ಷ ಕುಂಬಳ ಹಾಲಪ್ಪ ಹೇಳಿದ ಹಾಗೆಯೇ ಬಂತು. ಪಾರವ್ವ ಬೇಲಿಯ ಹತ್ತಿರ ನಿಂತು, “ಏನ್ ಹಾಕಿದ್ರಿ ಅತ್ತೆಮ್ಮಾ?” ಎಂದಳು. “ಮಲ್ಲಯ್ಯ ಕೊಟ್ಟ,” ಎಂದಳು ಅಜ್ಜಿ. ಮೊದಲ ಕಾಯಿ ತೊಗರ್ಸಿಗೆ ಹೋಯಿತು. ನಾನು ಬುಗುರಿ ಆಡುತ್ತಿದ್ದೆ.

ದೀಪಾವಳಿಯ ಹೊತ್ತಿಗೆ ಗುತ್ಯಪ್ಪ ಮತ್ತೆ ಗಾಡಿ ನಿಲ್ಲಿಸಿದ. ಅಜ್ಜಿ ಮಜ್ಜಿಗೆ ಕೊಟ್ಟಳು.

“ನಿಮ್ಮ ಮೊಮ್ಮಗ ಸುಳ್ಳು ಹೇಳಾನಲ್ಲ ಕಣಮ್ಮ,” ಎಂದ ಅವನು ಮೀಸೆ ಒರೆಸಿಕೊಳ್ಳುತ್ತ. “ಅಗೆಯಾದಿಲ್ಲ ಅಂದಿದ್ದ. ಇವತ್ತಿನವರೆಗೂ ಒಂದು ಗಿಡದ ಬುಡ ಮುಟ್ಟಿಲ್ಲ ಅದು!”

ಅಜ್ಜಿ ನನ್ನನ್ನು ನೋಡಿದಳು. ಆಮೇಲೆ ಬಳ್ಳಿಯ ಕಡೆ ನೋಡಿದಳು. ಗಾಡಿ ಹೋದ ಮೇಲೆ ಸಣ್ಣ ಗುದ್ದಲಿ ತಗೊಂಡು ಬುಡದಲ್ಲಿ ಕೂತಳು. ನಾಲ್ಕನೇ ಏಟಿಗೆ ಗೊರಸು ಸಿಕ್ಕಿತು. ಅವಳು ಅದನ್ನು ಮುಟ್ಟಲಿಲ್ಲ.

“ಅದು ತೋರಿಸ್ತಿತ್ತು. ನೀ ಮುಚ್ಚಿದಿ,” ಎಂದಳು ಅಷ್ಟೇ. ಮಲ್ಲಯ್ಯನಿಗೆ ಹೋದ ಕಾಯಿಯ ಬಗ್ಗೆ ಒಂದು ಮಾತೂ ಆಡದೆ, ತಲೆಗೆ ನೀರು ಹಾಕಿಕೊಂಡು ಪೂಜೆಗೆ ಕೂತಳು. ಅಂದು ಉಣ್ಣಲಿಲ್ಲ.

ಆ ಹಿತ್ತಲಿಗೆ ನಾನೇ ಸಿಮೆಂಟು ಹಾಕಿಸಿದ್ದೇನೆ. ಈಗ ಅಲ್ಲಿ ಮೆಕ್ಕೆಜೋಳ ಒಣಗುತ್ತದೆ. ಶಿಕಾರಿಪುರದ ಮಾರುಕಟ್ಟೆಯಲ್ಲಿ ನಾನು ಕಾಳು ಒಣಗಿದೆ ಎಂದರೆ ಯಾರೂ ಕಚ್ಚಿ ನೋಡುವುದಿಲ್ಲ. ಆ ಹೆಸರನ್ನು ಕೈಯಾರೆ ಸಂಪಾದಿಸಿದ್ದೇನೆ. ಆದರೆ ಏನನ್ನೂ ಸಂಪಾದಿಸದೆಯೇ ನನಗೆ ಸಿಕ್ಕಿದ್ದ ನಂಬಿಕೆ ಒಂದಿತ್ತು.

ಅಜ್ಜಿ ಆಮೇಲೂ ಆರು ವರ್ಷ ಇದ್ದಳು. ಪ್ರೀತಿಗೆ ಕಡಿಮೆ ಮಾಡಲಿಲ್ಲ. “ಹಂಡೆ ತುಂಬ ನೀರೈತೆ ಅಜ್ಜಿ,” ಎಂದರೆ, “ಹೂಂ ಮಗಾ,” ಎನ್ನುತ್ತಿದ್ದಳು. ಆಮೇಲೆ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಎದ್ದು ಹೋಗಿ, ಮುಚ್ಚಳ ತೆಗೆದು ನೋಡುತ್ತಿದ್ದಳು.